ಪಾಳಿ

ಚಂದಾವರದ ಪಾಸ್ಕಲಿನ್ ಬಾಯಿ
ಡಾಲ್ಡಾ ಡಬ್ಬಿಗೆ ತೌಡು ತುಂಬಿ
ನಡುವೆ ಆರು ಮೊಟ್ಟೆ ಹುಗಿದು ಕೊಟ್ಟಳು.
ತಿಳಿ ನೀಲಿ. ಸೀಗಡಿ ತಿಂದ ಬಾತಿನ ಮೊಟ್ಟೆ,
ಮೂಸಿದರೆ ಹೊಳೆ.

ನಮ್ಮ ಕರಿ ಹೇಂಟೆಯ ಕೆಳಗಿಟ್ಟೆವು.
ಇಪ್ಪತ್ತೊಂದಕ್ಕೆ ಏಳಬೇಕಾದವಳು
ಇಪ್ಪತ್ತೆಂಟರ ತನಕ ಕೂತಳು,
ಲೆಕ್ಕ ತಪ್ಪಿದ್ದು ಯಾರದೆಂದು ಕೇಳದೆ.
ಒಂದು ಬರಡು. ಐದು ಹಳದಿ ಮರಿ.

ಹತ್ತನೇ ದಿನ ಗಜನಿ ಕಟ್ಟೆಯ ಮೇಲೆ
ಅವಳು ಮುಂದೆ, ಅವು ಹಿಂದೆ.
ಭರತಿಯ ನೀರು ಕಂಡದ್ದೇ ತಡ
ಐದೂ ಇಳಿದವು, ಯಾರೂ ಹೇಳಿಕೊಡದೆ.
ಹೇಂಟೆ ಕಟ್ಟೆಯುದ್ದಕ್ಕೂ ಓಡಿದಳು, ಕಿರುಚಿದಳು,
ಒಂದು ಕಾಲು ನೀರಿಗಿಟ್ಟು ತೆಗೆದಳು.
ಸಂಜೆ ಇಳಿತಕ್ಕೆ ಕೆಸರು ಮೆತ್ತಿಕೊಂಡು ಬಂದವನ್ನು
ರೆಕ್ಕೆಯಡಿ ಎಳೆದುಕೊಂಡಳು.
ರಾತ್ರಿಯಿಡೀ ಒದ್ದೆಯಾಗಿದ್ದವಳು ಅವಳೇ.

ಎರಡು ತಿಂಗಳಿಗೆ ದನಿ ಒಡೆಯಿತು.
ಹಂಚು ಹಾರುವಂತೆ ಕೂಗುವುದು ಹೆಣ್ಣು.
ಗಂಡಿಗೆ ನೆಗಡಿಯಾದವನ ಪಿಸುಮಾತು,
ಬಾಲದಲ್ಲೊಂದು ಗುಂಗುರು, ಅಷ್ಟೇ ಒಡವೆ.
"ಹೊಸತೆಂತದೂ ಅಲ್ಲ" ಅಂದಳು ದೇವಮ್ಮ,
ನನ್ನ ಕಡೆ ನೋಡದೆ.

ಹೆಬ್ಬಾತಿನ ಜೋಡಿ ಬಂದದ್ದು ಆಮೇಲೆ,
ಅಂಕೋಲೆಯಿಂದ, ಕಾಲು ಕಟ್ಟಿ, ಬಸ್ಸಿನ ಸೀಟಿನಡಿ.
ಗಂಡಿಗೆ ಕರೆಂಟ್ ಬಿಲ್ಲಿನ ಹುಡುಗನನ್ನು ಕಂಡರಾಗದು.
ಕುತ್ತಿಗೆ ನೆಲಕ್ಕೆ ಸಮ ಮಾಡಿ ಬುಸುಗುಡುತ್ತ
ದಣಪೆಯ ತನಕ ಅಟ್ಟಿ, ತಿರುಗಿ
ಹೆಂಡತಿಯ ಬಳಿ ಓಡಿ ಬರುವುದು.
ಆಮೇಲೆ ಎರಡೂ ಕುತ್ತಿಗೆ ಚಾಚಿ ಒಟ್ಟಿಗೆ ಗದ್ದಲ:
ಹೇಗೆ ಓಡಿಸಿದೆ, ಅವನು ಹೇಗೆ ಓಡಿದ,
ಚಪ್ಪಲಿ ಎಲ್ಲಿ ಬಿತ್ತು.
ಪಳಗಿಸಲು ಹೋದ ನನ್ನ ತೊಡೆಯಲ್ಲಿ ಇನ್ನೂ ಕಲೆ ಇದೆ.
ಎದುರು ನಿಂತರೆ ಜಗಳ, ಓಡಿದರೆ ಸೋಲು;
ಪಕ್ಕಕ್ಕೆ ತಿರುಗಿ, ಬೇರೆಲ್ಲೋ ಕೆಲಸವಿದ್ದವನ ಹಾಗೆ
ನಿಧಾನ ನಡೆದರೆ, ಅಡ್ಡಿಲ್ಲ, ಹೋಗು ಅನ್ನುತ್ತದೆ.
ನಮ್ಮ ಇಂಜಿನಿಯರ್ ಸಾಹೇಬರ ಮುಂದೆಯೂ
ಆಮೇಲಾಮೇಲೆ ಹಾಗೇ ನಡೆದೆ.

ನನ್ನ ಕೆಲಸ ಹಳಿಯ ಮೇಲೆ.
ಮಳೆಗಾಲದ ರಾತ್ರಿ ಲಾಟೀನು, ಸುತ್ತಿದ ಬಾವುಟ, ಪಟಾಕಿ ಡಬ್ಬಿ,
ಮಿರ್ಜಾನಿನಿಂದ ಸೇತುವೆ, ಸೇತುವೆಯಿಂದ ಮಿರ್ಜಾನು,
ಗುಡ್ಡದ ಕಲ್ಲು ಜಾರಿದೆಯೇ ಎಂದು ನೋಡುತ್ತ.
ಇಪ್ಪತ್ತು ವರ್ಷದಲ್ಲಿ ಜಾರಿದ್ದು ಎರಡು ಸಲ.
ಉಳಿದ ರಾತ್ರಿಗಳೆಲ್ಲ ಬರೀ ನೋಡಿದ್ದು.

ಚೌತಿ ಕಳೆದ ಮೇಲೊಂದು ಬೆಳಿಗ್ಗೆ ಬಂದರೆ
ಬೇಲಿಯ ಮುಳ್ಳಿನಲ್ಲಿ ಬಿಳಿ ಪುಕ್ಕ.
ನರಿ.
ಕಾವಿಗೆ ಕೂತಿತ್ತು ಹೆಣ್ಣು.
ಎದೆಯ ತುಪ್ಪಳ ಕಿತ್ತು ಹಾಸಿದ ಗೂಡು
ಹಾಗೇ ಇತ್ತು. ಕೈಯಿಟ್ಟೆ. ಇಡಬಾರದಿತ್ತು.

ಗಂಡು ನಾಲ್ಕು ದಿನ ಮೇಯಲಿಲ್ಲ.
ಐದನೆಯ ದಿನ ನನ್ನ ಸ್ಕೂಟರಿನ ಬಳಿ,
ಸೈಲೆನ್ಸರಿನ ಹೊಳಪಿಗೆ ಕುತ್ತಿಗೆ ಚಾಚಿ
ಸಣ್ಣಗೆ ಏನೋ ಹೇಳುತ್ತಿತ್ತು.
ದೇವಮ್ಮ ಹಳೆ ಕಪಾಟಿನ ಕನ್ನಡಿ ಬಿಚ್ಚಿ ತಂದು
ಗೂಡಿಗೆ ಒರಗಿಸಿಟ್ಟಳು.
ಅದಕ್ಕೂ ಸುಳ್ಳು ಹೇಳುವುದಾ, ಅಂದೆ.
"ಇರಲಿ. ತಿನ್ನಲಿ ಮೊದಲು."
ತಿಂದಿತು.

ರಜೆಯ ರಾತ್ರಿ ನನಗೆ ನಿದ್ದೆ ಬಾರದು, ಎದ್ದು ಹೋಗುತ್ತೇನೆ.
ಬಾತುಗಳು ಸಾಲಾಗಿ ಮಲಗುತ್ತವೆ.
ನಡುವಿನವು ಎರಡೂ ಕಣ್ಣು ಮುಚ್ಚಿ.
ಅಂಚಿನದಕ್ಕೆ ಮಾತ್ರ ಹೊರಗಿನ ಕಣ್ಣು ತೆರೆದೇ,
ಒಳಗಿನದು ನಿದ್ದೆಯಲ್ಲಿ;
ಅರ್ಧ ತಲೆ ಡ್ಯೂಟಿಗೆ, ಅರ್ಧ ತಲೆ ರಜೆಗೆ.
ಸ್ವಲ್ಪ ಹೊತ್ತಿಗೆ ಎದ್ದು ತಿರುಗಿ ಕೂರುತ್ತದೆ,
ಆಚೆ ಕಣ್ಣಿಗೂ ಪಾಳಿ ಬಿಡಲೆಂದು.
ಈ ವಾರದಿಂದ ಹೆಬ್ಬಾತು ಕನ್ನಡಿ ಬಿಟ್ಟು
ಆ ಅಂಚಿನಾಚೆ ಬಂದು ನಿಂತಿದೆ, ಒಂಟಿಕಾಲಲ್ಲಿ.

ಮಂಗಳೂರು ಕಡೆಯ ಗೂಡ್ಸು ಸೇತುವೆ ಹತ್ತಿತು.
ನಡುವಿನವು ಏಳಲಿಲ್ಲ.
ಅಂಚಿನ ಕಣ್ಣು ಕೊನೆಯ ಡಬ್ಬಿಯ ತನಕ ನೋಡಿತು,
ಆಮೇಲೆ ನನ್ನನ್ನು.

ಚಿಲಕ ಹಾಕಿ ಒಳಗೆ ಬಂದೆ.
ಬಾಗಿಲ ಬದಿಯ ಚಾಪೆ ಯಾವತ್ತೂ ನನ್ನದು.
ಅಲ್ಲಿ ದೇವಮ್ಮ ಮಲಗಿದ್ದಳು.